ಕೊನೆಯ ಸಾಲು

ಎಂಜಿನ್ನಿನಲ್ಲಿ ದೋಷವಿಲ್ಲ, ಎಂದರು
ಬ್ಯೂನಸ್ ಐರಿಸ್‌ನಿಂದ ಬಂದ ಇಬ್ಬರು.
ಟ್ಯಾಂಕಿಯಲ್ಲಿ ಹನಿ ಪೆಟ್ರೋಲಿಲ್ಲ,
ಸೋರಿದ್ದಲ್ಲ, ಉರಿದು ಮುಗಿದದ್ದು.
ಚುಕ್ಕಾಣಿಯ ತಂತಿಗಳು ನೆಟ್ಟಗಿವೆ.
ಹವೆಯೂ ಆ ದಿನ, ಪಟಗೋನಿಯಾದ ಮಟ್ಟಿಗೆ, ಸಾಧು.
"ಇನ್ನುಳಿದದ್ದು ಮನುಷ್ಯ" ಎಂದು
ಕಡತವನ್ನು ನನ್ನ ಮೇಜಿನತ್ತ ತಳ್ಳಿದರು.

ಇಥೆಲ್ ಪ್ಯೂ. ಐವತ್ತೆಂಟು.
ಎಸ್ಕೆಲ್ ಏರೋಕ್ಲಬ್ಬಿನ ಹಳೆಯ ಸೆಸ್ನಾದಲ್ಲಿ
ಹಿಂದಿನ ಸೀಟು ಕಿತ್ತು, ಕುರಿಗಳ ಲಸಿಕೆ, ಟಪಾಲು,
ಒಮ್ಮೊಮ್ಮೆ ದಿನ ತುಂಬಿದ ಬಸುರಿಯನ್ನೂ ಹೊತ್ತು
ರಿಯೋ ಮಾಯೋ ಕಡೆ ಹಾರುತ್ತಿದ್ದವನು.
ಆರು ತಿಂಗಳಿಗೊಮ್ಮೆ ಇದೇ ಕುರ್ಚಿಯಲ್ಲಿ ಕೂತು
ಅಂಗಿಯ ತೋಳು ಮಡಚುತ್ತಿದ್ದವನು:
"ಬೇಗ ಮುಗಿಸಿ ಡಾಕ್ಟರೇ, ಗಾಳಿ ಏಳುವ ಮೊದಲು."

ಎದೆನೋವು? ಇಲ್ಲ.
ಏದುಸಿರು? ಮೆಟ್ಟಿಲೇ ಇಲ್ಲದ ಊರಲ್ಲಿ ಎಲ್ಲಿಂದ ತರಲಿ?
ತಲೆಸುತ್ತು? ಮಗಳ ಮದುವೆಯ ಖರ್ಚು ಕೂಡಿದಾಗ.
ನಗು. ನನ್ನದೂ.
ಗೋಡೆಯ ಮೇಲಿನ ಅಕ್ಷರದ ಹಲಗೆಯಲ್ಲಿ
ಇರುವೆ ಸಾಲಿನಂಥ ಕೊನೆಯ ಸಾಲನ್ನು
ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ,
ಹಲಗೆಯತ್ತ ಪೂರ್ತಿ ತಿರುಗುವ ಮೊದಲೇ.

ಗೊತ್ತಿತ್ತು ನನಗೆ.
ಮಗ್ಗಿ ಬಾಯಿಪಾಠ ಮಾಡಿದ ಹುಡುಗನ ಕಣ್ಣು
ಎಲ್ಲಿರುತ್ತದೆಂದು ಯಾವ ಮೇಷ್ಟರಿಗೆ ಗೊತ್ತಿಲ್ಲ?
ಆದರೂ ಬರೆದೆ: ದೃಷ್ಟಿ ಸರಿ.
ಆ ಚಳಿಗಾಲ ಕುರಿಯ ತೊಡೆಯೊಂದು
ಹಳೆ ಪೇಪರು ಸುತ್ತಿಕೊಂಡು ನನ್ನ ಹೊಸ್ತಿಲಲ್ಲಿತ್ತು.
ಲಂಚವಲ್ಲ. ಇಲ್ಲಿ ಎಲ್ಲರೂ ಎಲ್ಲರಿಗೂ ಕೊಡುತ್ತಾರೆ.
ಹಾಗೆ ಹೇಳಿಕೊಳ್ಳುತ್ತಲೇ ಬೇಯಿಸಿದೆ.

ಕೊಂದದ್ದು ಕಣ್ಣಲ್ಲ, ಅದೂ ಕಡತದಲ್ಲಿದೆ.
ಎದೆಯ ಎಡಕ್ಕೆ, ಹುಲ್ಲುಕಡ್ಡಿಯಷ್ಟು ದಪ್ಪದ ನಾಳ.
ರೇಡಿಯೋದಲ್ಲಿ ಹತ್ತೂ ಇಪ್ಪತ್ತಕ್ಕೆ ಅವನ ದನಿ:
"ಕೆಳಗೆ ಗ್ವಾನಾಕೋ ಹಿಂಡು, ಐವತ್ತಿರಬಹುದು."
ಎಣಿಸಿ ಮುಗಿಸಿದನೋ ಇಲ್ಲವೋ.

ವಿಮಾನಕ್ಕೆ ಗೊತ್ತಾಗಲಿಲ್ಲ.
ಅವನೇ ತಿರುಗಿಸಿ ಸಮ ಮಾಡಿಟ್ಟಿದ್ದ ಟ್ರಿಮ್ ಚಕ್ರ;
ಕೈ ಜಾರಿತು, ಎತ್ತರ ಜಾರಲಿಲ್ಲ.
ಸವಾರ ಸತ್ತರೂ ಕುದುರೆ
ಹೆಣ ಹೊತ್ತು ಊರ ದಾರಿ ಹಿಡಿಯುವುದುಂಟು.
ಇದಕ್ಕೆ ಊರೂ ಇಲ್ಲ.
ಗಾಳಿ ತಳ್ಳಿದತ್ತ, ಪೂರ್ವಕ್ಕೆ, ಪೂರ್ವಕ್ಕೆ,
ಮುಸ್ಟರ್ಸ್ ಸರೋವರ ದಾಟಿ,
ತಲೆದೂಗುವ ಎಣ್ಣೆಬಾವಿಗಳ ಕಬ್ಬಿಣ ದಾಟಿ
ಹೆಚ್ಚುಕಡಿಮೆ ಕಡಲು ಕಾಣುವವರೆಗೆ
ಬದುಕಿದ್ದವನಿಗಿಂತ ನೇರವಾಗಿ ಹಾರಿತು.

ಕುರಿ ಕಾಯುವ ಸೆಫೆರಿನೋ ವೆಂಚುನಾವ್ ಹೇಳಿಕೆ, ಪುಟ ಒಂಬತ್ತು:
"ಯಾವಾಗಲೂ ರೆಕ್ಕೆ ಅಲ್ಲಾಡಿಸುತ್ತಿದ್ದ.
ಅವತ್ತು ನಾನು ಟೋಪಿ ಬೀಸಿದೆ, ಬೀಸಿಯೇ ಬೀಸಿದೆ.
ಕೋಪ ಮಾಡಿಕೊಂಡಿದ್ದಾನೆ ಎಂದುಕೊಂಡೆ."

ಹೆಂಡತಿ ನೆರೆಯಾ ಬಂದಳು. ಅಳಲಿಲ್ಲ.
ಅವನ ಕೋಟಿನ ಒಳಜೇಬಿನ ಡಬ್ಬಿಯೊಂದನ್ನು
ನನ್ನ ಮುಂದಿಟ್ಟು ಸುಮ್ಮನೆ ಕೂತಳು.
ನಾಲಿಗೆಯಡಿ ಇಡುವ ಮಾತ್ರೆ.
ಟ್ರೆಲ್ಯೂವಿನ ಯಾರೋ ವೈದ್ಯರ ಚೀಟಿ, ಎಂಟು ತಿಂಗಳ ಹಿಂದಿನದು.
ಆರುನೂರು ಕಿಲೋಮೀಟರು ಬಸ್ಸಿನಲ್ಲಿ ಹೋಗಿ
ಅಪರಿಚಿತನೆದುರು ಅಂಗಿ ಬಿಚ್ಚಿ ನಿಜ ಹೇಳಿದ್ದಾನೆ.
ನನಗೆ ಹೇಳಿದ್ದರೆ ನೆಲಕ್ಕಿಳಿಸುತ್ತಿದ್ದೆ.
ಈ ಊರಿನಲ್ಲಿ
ನೋವು ಹೇಳಿಕೊಳ್ಳಬಾರದ ವೈದ್ಯೆ ನಾನೊಬ್ಬಳೇ,
ಆ ಪದವಿಗೆ ಸರ್ಕಾರದ ಮೊಹರೂ ಇದೆ.

ಡಬ್ಬಿಯಲ್ಲಿ ಎರಡೇ ಮಾತ್ರೆ ಕಡಿಮೆ.
ಆ ಎರಡು ಯಾವ ದಿನ, ಯಾವ ಮೋಡದ ಮೇಲೆ
ಎಂದು ಈಗಲೂ ರಾತ್ರಿ ಲೆಕ್ಕ ಹಾಕುತ್ತೇನೆ.

ಇವತ್ತು ಅಯೆಲೆನ್ ಬಂದಿದ್ದಾಳೆ. ಇಪ್ಪತ್ತಾರು.
ಲಸಿಕೆಯ ಡಬ್ಬಗಳು ಹೊರಗೆ ಜೀಪಿನಲ್ಲಿ ಕಾಯುತ್ತಿವೆ.
ಎದೆನೋವು? ಇಲ್ಲ.
ಏದುಸಿರು? ಇಲ್ಲ.
ಹಲಗೆ ಬದಲಿಸಿದ್ದೇನೆ, ಯಾರಿಗೂ ಹೇಳದೆ.
ಓದುತ್ತಾ ಬಂದವಳು ಕೊನೆಯ ಸಾಲಿಗೆ ನಿಂತಳು.
ಕಿಟಕಿ ಗಡಗಡ ಎಂದಿತು.
"ಇದು... ಕಾಣಿಸುತ್ತಿಲ್ಲ ಡಾಕ್ಟರೇ"
ಎಂದು ನನ್ನ ಪೆನ್ನನ್ನೇ ನೋಡಿದಳು.

ಪೆನ್ನು ಕೆಳಗಿಟ್ಟೆ.
ಸೋರೆಬುರುಡೆಯಲ್ಲಿ ಮಾಟೆ ತುಂಬಿ, ಬಿಸಿನೀರು ಹೊಯ್ದು,
ಮೊದಲ ಗುಟುಕು ಅವಳಿಗೆ ಕೊಟ್ಟೆ.
ಗಾಳಿ ಹೇಗೂ ಎದ್ದಿದೆ, ಕೂತಿರು ಎಂದೆ.